ಹಾಡ್ಸನ್ ಹೆಸರು ಬೇಕೇ?

ಮಾನ್ಯರೇ,

ನಮ್ಮ ಸೇನೆಯ ‘4 ಹಾರ್ಸ್’ ಟ್ಯಾಂಕ್ ದಳಕ್ಕೆ ‘ಹಾಡ್ಸನ್ಸ್ ಹಾರ್ಸ್’ ಎಂಬ ಹೆಸರೂ ಇದೆ. ಆ ಹಾಡ್ಸನ್ ಎಂಥವನು? 1857ರ ಸೆಪ್ಟೆಂಬರ್ 22ರಂದು, ಹುಮಾಯೂನ್ ಗೋರಿಯಲ್ಲಿ ಶರಣಾದ ಮೂವರು ಮೊಘಲ್ ರಾಜಕುಮಾರರನ್ನು ದೆಹಲಿಯ ಬಾಗಿಲ ಬಳಿ ಗಾಡಿಯಿಂದಿಳಿಸಿ, ಬಟ್ಟೆ ಕಳಚಿಸಿ, ವಿಚಾರಣೆಯಿಲ್ಲದೆ ಕೈಯಾರೆ ಗುಂಡಿಕ್ಕಿದ ವಿಲಿಯಂ ಹಾಡ್ಸನ್, ಅದಕ್ಕೂ ಮೊದಲೇ ಲೆಕ್ಕಪತ್ರದ ಆರೋಪ ಮೊದಲಾದ ಕಾರಣಗಳಿಗಾಗಿ ಪಂಜಾಬ್ ಗಡಿಯ ‘ಗೈಡ್ಸ್’ ಎಂಬ ಸೇನಾದಳದ ನಾಯಕತ್ವ ಕಳೆದುಕೊಂಡಿದ್ದ ಬ್ರಿಟಿಷ್ ಅಧಿಕಾರಿ. ಸವಾರಿಯಲ್ಲಿ, ಬೇಹುಗಾರಿಕೆಯಲ್ಲಿ ಆತ ನಿಸ್ಸೀಮನೆಂಬುದನ್ನು ಅಲ್ಲಗಳೆಯಲಾಗದು. ಆದರೆ ಜನರ ಗುಂಪು ಸೆರೆಯಾಳುಗಳನ್ನು ಬಿಡಿಸಿಕೊಳ್ಳುವ ಭೀತಿಯಿತ್ತೆಂಬ ಸಮರ್ಥನೆಯನ್ನು ನಂಬುವುದು ಕಷ್ಟ; ಬಟ್ಟೆ ಕಳಚಿಸುವಷ್ಟು ವ್ಯವಧಾನ ಅವನಿಗಿತ್ತಲ್ಲ!

ಮರುವರ್ಷ ಲಖನೌದಲ್ಲಿ ಆತ ಸತ್ತ. ಆತ ಕಟ್ಟಿದ ಅಶ್ವದಳ ಮಾತ್ರ ಮುಂದೆ ಟ್ಯಾಂಕ್ ದಳವಾಗಿ, ಸ್ವಾತಂತ್ರ್ಯಾನಂತರವೂ ‘ಹಾಡ್ಸನ್ಸ್ ಹಾರ್ಸ್’ ಎಂಬ ಹೆಸರನ್ನು ಹೊತ್ತೇ 1965ರ ಯುದ್ಧದಲ್ಲಿ ಸಿಯಾಲ್‌ಕೋಟ್ ಬಳಿಯ ಫಿಲ್ಲೋರಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಎದುರಿಸಿತು. ಆ ಕೀರ್ತಿ ನಮ್ಮ ಯೋಧರದು. ‘4 ಹಾರ್ಸ್’ ಎಂಬ ಹೆಸರಷ್ಟೇ ಅದಕ್ಕೆ ಸಾಲದೇ?

– ಇತಿಹಾಸಾಸಕ್ತ ಓದುಗ, ಧಾರವಾಡ