ಪೆಪ್ಟೈಡ್ ಪುಡಿ ನಂಬಿ ಬಿಪಿ ಮಾತ್ರೆ ಬಿಡಬೇಡಿ

ಸಂಪಾದಕರೇ,

ಪೆಪ್ಟೈಡ್ ಪುಡಿಯನ್ನು ದಿನಾ ಒಂದು ಚಮಚ ಹಾಲಿಗೆ ಕದಡಿ ಕುಡಿದರೆ ಅದು ನೇರ ರಕ್ತನಾಳದ ಸ್ನಾಯುಕೋಶ ಹೊಕ್ಕು ಬಿಪಿ ಇಳಿಸುತ್ತದೆ, ಮಾತ್ರೆಯೇ ಬೇಡ ಎಂಬ ಸಂದೇಶ ಚಿಕ್ಕಬಳ್ಳಾಪುರ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಔಷಧಶಾಸ್ತ್ರ ಕಲಿಸುವವರಾಗಿ ಸುಮ್ಮನಿರಲಾಗದೆ ಬರೆಯುತ್ತಿದ್ದೇವೆ.

ಮೊದಲ ತೊಡಕು ಹೊಟ್ಟೆಯಲ್ಲೇ ಇದೆ. ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಸಣ್ಣ ಸರಪಳಿ. ಜಠರದ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ ಅದನ್ನು ತುಂಡರಿಸುತ್ತವೆ. ರಕ್ತಕ್ಕೆ ಸೇರುವುದು ಬಹುಪಾಲು ಬಿಡಿ ಅಮೈನೊ ಆಮ್ಲ, ಹೆಚ್ಚೆಂದರೆ ಎರಡು ಮೂರು ಕೊಂಡಿಯ ಚೂರು. 51 ಅಮೈನೊ ಆಮ್ಲಗಳ ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳುವುದು ಇದಕ್ಕೇ.

ಒಳಹೊಕ್ಕರೆ ತಾನೇ ಕೆಲಸ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ರಕ್ತನಾಳವನ್ನು ಬಿಗಿಗೊಳಿಸುವ ಆಂಜಿಯೊಟೆನ್ಸಿನ್-2ರಲ್ಲಿ ಇರುವುದು 8 ಅಮೈನೊ ಆಮ್ಲ. ಅದು ಕೋಶದ ಹೊರಪೊರೆಯಲ್ಲಿ ಸಂಕೇತ ಹಿಡಿಯುವ ಪ್ರೊಟೀನಾದ ಎಟಿ-1 ರಿಸೆಪ್ಟರ್‌ಗೆ ಕೂತ ಕೆಲವೇ ಸೆಕೆಂಡುಗಳಲ್ಲಿ ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬಿದ್ದು ಸ್ನಾಯು ಕುಗ್ಗತೊಡಗುತ್ತದೆ. ಪೆಪ್ಟೈಡ್ ಆಗಿನ್ನೂ ಹೊರಗೇ ಇರುತ್ತದೆ! ಆಮೇಲೆ ರಿಸೆಪ್ಟರ್‌ನ ಬಾಲಕ್ಕೆ ಫಾಸ್ಫೇಟ್ ಸೇರಿ, ಅದಕ್ಕೆ ಅರೆಸ್ಟಿನ್ ಎಂಬ ಪ್ರೊಟೀನ್ ಅಂಟಿ, ಕ್ಲ್ಯಾತ್ರಿನ್ ಎಂಬ ಪ್ರೊಟೀನ್ ಹೊದ್ದ ಪೊರೆಯ ಗುಳಿಯೊಂದು ರಿಸೆಪ್ಟರನ್ನೂ ಪೆಪ್ಟೈಡನ್ನೂ ಒಟ್ಟಿಗೆ ಒಳಕ್ಕೆಳೆದುಕೊಳ್ಳುತ್ತದೆ. ಇದಕ್ಕೆ ಹಿಡಿಯುವುದು ನಿಮಿಷಗಳು. ಪೆಪ್ಟೈಡ್ ಬಹುತೇಕ ಕೋಶದ ಜೀರ್ಣಚೀಲವಾದ ಲೈಸೊಸೋಮ್‌ನಲ್ಲಿ ಚೂರಾಗುತ್ತದೆ, ರಿಸೆಪ್ಟರ್‌ಗಳಲ್ಲಿ ಹಲವು ಹೊರಪೊರೆಗೆ ಮರಳುತ್ತವೆ. ಒಳಗಿನಿಂದಲೂ ಒಂದಿಷ್ಟು ಸಂಕೇತ ಹೊರಡುವುದುಂಟು. ಆದರೆ ಕುಗ್ಗುವಿಕೆಯ ಮಟ್ಟಿಗೆ ಈ ಒಳಸೆಳೆತ ಆಜ್ಞೆಯನ್ನು ತಣ್ಣಗಾಗಿಸುವ ಕ್ರಮ. ಅದೇ ನಾಳದ ತುಂಡಿಗೆ ಬೆನ್ನುಬೆನ್ನಿಗೆ ಆಂಜಿಯೊಟೆನ್ಸಿನ್ ಹಾಕಿದರೆ ಎರಡನೇ ಸಲ ಅಷ್ಟು ಕುಗ್ಗದಿರಲು ಇದೂ ಒಂದು ಕಾರಣ.

ಪೆಪ್ಟೈಡ್ ಒಳಹೋಗುವುದನ್ನು ಕಂಡುಕೊಳ್ಳುವ ಪ್ರಯೋಗ ಹಳೆಯದು, ಚೆಂದದ್ದು. ಇಲಿಯ ಮಹಾಪಧಮನಿಯ ಸ್ನಾಯುಕೋಶ ಬೆಳೆಸಿ, ವಿಕಿರಣ ಸೂಸುವ ಅಯೋಡಿನ್-125 ಗುರುತಿನ ಪೆಪ್ಟೈಡ್ ಹಾಕುತ್ತಾರೆ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಅಂಟುತ್ತದೆಯೇ ಹೊರತು ಒಳಹೋಗದು; 37 ಡಿಗ್ರಿಗೆ ಏರಿಸಿದರೆ ಹೋಗುತ್ತದೆ. ಪಿಎಚ್ 3ರ ಆಸುಪಾಸಿನ ತಣ್ಣನೆಯ ಆಮ್ಲದ್ರಾವಣದಲ್ಲಿ ತೊಳೆದಾಗ ಹೊರಗೆ ಅಂಟಿದ್ದು ಕಳಚುತ್ತದೆ, ಉಳಿದದ್ದು ಒಳಗಿನದು. ಎಡವುವುದು ಸಣ್ಣದರಲ್ಲಿ. ಟ್ರಿಪ್ಸಿನ್ ಹಾಕಿ ಬಿಡಿಸಿದ ಕೋಶಗಳಿಗೆ ಒಂದೆರಡು ದಿನ ಬಿಡುವು ಕೊಡದಿದ್ದರೆ ರಿಸೆಪ್ಟರ್‌ಗಳೇ ಹರಿದಿರುತ್ತವೆ. ಅಲ್ಬುಮಿನ್ ಪ್ರೊಟೀನ್ ಬೆರೆಸದಿದ್ದರೆ ಪೆಪ್ಟೈಡ್ ಪ್ಲಾಸ್ಟಿಕ್ ತಟ್ಟೆಗೆ ಅಂಟುತ್ತದೆ. ಗುರುತಿಲ್ಲದ ಪೆಪ್ಟೈಡನ್ನು ಬಹಳ ಹೆಚ್ಚು ಸುರಿದ ಹೋಲಿಕೆಯ ತಟ್ಟೆ ಪಕ್ಕದಲ್ಲಿಲ್ಲದಿದ್ದರೆ, ಎಲ್ಲೆಲ್ಲೋ ಅಂಟಿದ್ದೆಲ್ಲ ಲೆಕ್ಕಕ್ಕೆ ಬಂದುಬಿಡುತ್ತದೆ.

ಸಾರ್ಟಾನ್ ಗುಂಪಿನ ಬಿಪಿ ಮಾತ್ರೆಗಳಾದ ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಕೂರುವುದು ಇದೇ ಎಟಿ-1 ರಿಸೆಪ್ಟರ್ ಮೇಲೆ. ಅವು ಪೆಪ್ಟೈಡ್ ಅಲ್ಲವಾದ್ದರಿಂದ ಹೊಟ್ಟೆಯ ಕಿಣ್ವಗಳಿಗೆ ಸಿಗುವುದಿಲ್ಲ. ಇವನ್ನು ನುಂಗುವವರಲ್ಲಿ ಆಂಜಿಯೊಟೆನ್ಸಿನ್ ತಯಾರಿಗೆ ಚಾಲನೆ ಕೊಡುವ ರೆನಿನ್ ಕಿಣ್ವ ಏರಿ ರಕ್ತದ ಆಂಜಿಯೊಟೆನ್ಸಿನ್-2 ಇನ್ನಷ್ಟು ಹೆಚ್ಚಿರುತ್ತದೆ. ಕೂರಲು ಜಾಗವಿಲ್ಲ, ಅಷ್ಟೇ. ಪುಡಿ ನಂಬಿ ಮಾತ್ರೆ ನಿಲ್ಲಿಸಿದರೆ ಜಾಗ ತೆರವಾಗಿ ಬಿಪಿ ಹಳೆಯ ಮಟ್ಟಕ್ಕೆ ಏರುತ್ತದೆ.

ಬಾಗೇಪಲ್ಲಿ, ಗುಡಿಬಂಡೆ ಕಡೆ ಫ್ಲೋರೈಡ್ ನೀರಿನ ಕೀಲುನೋವಿಗೆ ಅಂಗಡಿಯಿಂದಲೇ ನೋವುನಿವಾರಕ ಡೈಕ್ಲೊಫೆನಾಕ್ ತಂದು ನುಂಗುವವರಿದ್ದಾರೆ. ಸಾರ್ಟಾನ್ ಮಾತ್ರೆ ಮೂತ್ರಪಿಂಡದ ಶೋಧಕದಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಡೈಕ್ಲೊಫೆನಾಕ್ ಒಳಬರುವ ನಾಳವನ್ನು ಬಿಗಿಸುತ್ತದೆ. ಶೋಧನೆಯ ಒತ್ತಡ ಕುಸಿಯುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೋ ವಾಂತಿಭೇದಿಯೋ ಇದ್ದರೆ ಅಪಾಯ ಇನ್ನೂ ಹೆಚ್ಚು. ಸಾರ್ಟಾನ್ ಶುರುಮಾಡಿದ ಅಥವಾ ಡೋಸ್ ಏರಿಸಿದ ಒಂದೆರಡು ವಾರದಲ್ಲಿ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಆಗಲೇಬೇಕು. ಗರ್ಭಿಣಿಯರಿಗೆ ಈ ಮಾತ್ರೆ ಸಲ್ಲದು. ಗೊತ್ತಾದ ಕೂಡಲೇ ವೈದ್ಯರಿಂದ ಬೇರೆ ಮಾತ್ರೆ ಬರೆಸಿಕೊಳ್ಳಬೇಕು. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸಾರ್ಟಾನ್ ಕೂಡ ರಕ್ತದ ಪೊಟ್ಯಾಸಿಯಂ ಏರಿಸಬಲ್ಲದು. ಹಾಗಾಗಿ ಸಾರ್ಟಾನ್ ನುಂಗುವವರು, ಅದರಲ್ಲೂ ಮೂತ್ರಪಿಂಡದ ತೊಂದರೆ ಇರುವವರು, ವೈದ್ಯರನ್ನು ಕೇಳದೆ ಈ ಉಪ್ಪನ್ನು ಸಾರಿಗೆ ಹಾಕಬಾರದು.

– ಔಷಧಶಾಸ್ತ್ರ ಬೋಧಕರು, ಚಿಕ್ಕಬಳ್ಳಾಪುರ