ಕಾಫಿ ಹೊಟ್ಟು ನೆರೆಯ ಬಾಯ್ಲರಿಗೆ ಸೇರಲಿ

ಮಾನ್ಯರೇ,

ಕುಶಾಲನಗರ ಸಮೀಪದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣಾ ಘಟಕಗಳು ಅಕ್ಕಪಕ್ಕದಲ್ಲೇ ಇದ್ದರೂ ತ್ಯಾಜ್ಯದ ವಿಷಯದಲ್ಲಿ ಪ್ರತಿಯೊಂದೂ ಒಂಟಿಯಾಗಿಯೇ ಏಗುತ್ತಿರುವಂತೆ ಕಾಣುತ್ತದೆ. 50 ಕೆ.ಜಿ.ಯ ಒಂದು ಚೀಲ ರೊಬಸ್ಟಾ ಚೆರ್ರಿಯನ್ನು (ಒಣಗಿಸಿದ ರೊಬಸ್ಟಾ ತಳಿಯ ಕಾಫಿ ಹಣ್ಣನ್ನು) ಹಲ್ಲಿಂಗ್ ಮಾಡಿದರೆ, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಿದರೆ, ಸಿಗುವ ಕಾಫಿ ಬೇಳೆ ಸುಮಾರು 26 ಕೆ.ಜಿ. ಮಾತ್ರ; ಉಳಿದದ್ದು ಬಹುಪಾಲು ಹೊಟ್ಟು. ಒಂದು ಘಟಕದ ಹಿಂಬದಿಯಲ್ಲಿ ಆಳೆತ್ತರ ಗುಡ್ಡೆ ಬಿದ್ದಿದ್ದ ಹೊಟ್ಟು ಮೊದಲ ಮಳೆಗೇ ನೆನೆದು, ಕಷಾಯದಂಥ ಕಪ್ಪು ನೀರಾಗಿ ಚರಂಡಿಗಿಳಿದದ್ದನ್ನು ನಾನೇ ನೋಡಿದ್ದೇನೆ. ಹಾರಂಗಿಯೂ ಕಾವೇರಿಯೂ ಕೂಡುವ ಕೂಡಿಗೆ ಇಲ್ಲಿಗೆ ಹತ್ತಿರದಲ್ಲೇ ಇದೆ ಎಂಬುದನ್ನು ನೆನೆದಾಗ ಸಂಕಟವಾಗುತ್ತದೆ.

ಒಣಗಿದ್ದರೆ ಇದೇ ಹೊಟ್ಟು ಒಳ್ಳೆಯ ಉರುವಲು. ನೆರೆಯ ಕಾರ್ಖಾನೆಯ ಬಾಯ್ಲರಿಗೆ ಅದು ಸೌದೆಯ ಬದಲಿಗೆ ಹೋಗಬಹುದು. ಪೊಟ್ಯಾಷ್ ಇರುವ ಅದರ ಬೂದಿ ತೋಟಕ್ಕೆ ಮರಳಬಹುದು. ಒಬ್ಬರಿಗೆ ಬೇಡವಾದದ್ದು ನೆರೆಯವರಿಗೆ ಉಪಯೋಗವಾಗುವುದು ಹೊಸದೇನಲ್ಲ. ಡೆನ್ಮಾರ್ಕಿನ ಕಲುಂಡ್‌ಬೋರ್ ಪಟ್ಟಣದಲ್ಲಿ 1972ರಲ್ಲಿ ತೈಲ ಶುದ್ಧೀಕರಣಾಗಾರದ ಹೆಚ್ಚುವರಿ ಅನಿಲವನ್ನು ಪಕ್ಕದ ಜಿಪ್ಸಂ ಹಲಗೆ ಕಾರ್ಖಾನೆ ಪಡೆಯತೊಡಗಿತು. ಮುಂದೆ ವಿದ್ಯುತ್ ಸ್ಥಾವರದ ಉಗಿಯೂ ನೆರೆಯವರಿಗೆ ಹರಿಯಿತು. ಅದು ಸರ್ಕಾರ ಹೇರಿದ ಯೋಜನೆಯಲ್ಲ, ಎರಡೆರಡು ಕಂಪನಿಗಳು ತಮ್ಮ ಲಾಭವನ್ನೂ ನೋಡಿಕೊಂಡು ಮಾಡಿಕೊಂಡ ಒಪ್ಪಂದಗಳಿಂದ ಬೆಳೆದದ್ದು.

ನಮ್ಮಲ್ಲಿ ಬೇಕಿರುವುದು ಇನ್ನೂ ಸರಳ: ಹೊಟ್ಟನ್ನು ನೆನೆಯದಂತೆ ಇಡಲು ಎಲ್ಲರಿಗೂ ಸೇರಿದ ಒಂದು ಶೆಡ್ ಮತ್ತು ಸಾಗಾಣಿಕೆಯ ವೆಚ್ಚ ಹಂಚಿಕೊಳ್ಳುವ ಒಂದು ಕರಾರು. ಸಣ್ಣ ಘಟಕಗಳು ಒಂಟಿಯಾಗಿ ಭರಿಸಲಾಗದ ತ್ಯಾಜ್ಯನೀರಿನ ಶುದ್ಧೀಕರಣವನ್ನೂ ಇದೇ ರೀತಿ ಜಂಟಿಯಾಗಿ ಮಾಡಬಹುದು. ಮುಂದಿನ ಕೊಯ್ಲಿಗೆ ಮುನ್ನವೇ ಘಟಕಗಳ ಮಾಲೀಕರು, ಬೆಳೆಗಾರರು ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿಗಳು ಒಂದೆಡೆ ಕುಳಿತು ಈ ಬಗ್ಗೆ ಮಾತನಾಡಬೇಕೆಂದು ಕೋರುತ್ತೇನೆ.

– ಓರ್ವ ಕಾಫಿ ಬೆಳೆಗಾರ, ಕುಶಾಲನಗರ ತಾಲ್ಲೂಕು