ಮತಕ್ಕೇ ಬರದ ಮಸೂದೆ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಸುದ್ದಿ ಅಂದರೆ ನಮ್ಮ ಪತ್ರಿಕೆಗಳಲ್ಲಿ ಅಧ್ಯಕ್ಷರು, ಹೆಚ್ಚೆಂದರೆ ಒಬ್ಬ ಗವರ್ನರ್. ಅಲ್ಲಿನ ರಾಜ್ಯ ಸೆನೆಟ್‌ಗಳಲ್ಲಿ ಬಹುಮತದ ನಾಯಕ ಅಂತ ಒಬ್ಬರಿರುತ್ತಾರೆ, ಅವರ ಬಗ್ಗೆ ಒಂದು ಸಾಲೂ ಕಾಣುವುದಿಲ್ಲ. ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದು ನೆಲೆಸಿದ ಹೊಸದರಲ್ಲಿ ನಾನೂ ಅವರನ್ನು ನಮ್ಮ ವಿಧಾನ ಪರಿಷತ್ತಿನ ಸಭಾನಾಯಕರ ಥರ ಅಂದುಕೊಂಡಿದ್ದೆ. ಹಾಗಲ್ಲ. ಯಾವ ಮಸೂದೆ ಮತಕ್ಕೆ ಬರಬೇಕು, ಯಾವುದು ಮೂಲೆ ಸೇರಬೇಕು ಅನ್ನುವುದು ಇಲ್ಲಿ ಹೆಚ್ಚುಕಡಿಮೆ ಅವರೊಬ್ಬರ ಕೈಯಲ್ಲೇ ಇದೆ. ಬಜೆಟ್ಟನ್ನೂ ಗವರ್ನರ್, ಅಸೆಂಬ್ಲಿ ಸ್ಪೀಕರ್ ಮತ್ತು ಇವರು ಬಾಗಿಲು ಹಾಕಿಕೊಂಡು ಕೂತು ಕುದುರಿಸುತ್ತಾರೆ.

ಒಂದೇ ಉದಾಹರಣೆ ಹೇಳುತ್ತೇನೆ. ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರು ಪರಿಹಾರಕ್ಕೆ ಕೇಸು ಹಾಕಬೇಕಾದರೆ ಹೆಚ್ಚೆಂದರೆ ತಮಗೆ 23 ವರ್ಷ ತುಂಬುವುದರೊಳಗೆ ಹಾಕಬೇಕು ಅಂತ ನ್ಯೂಯಾರ್ಕ್‌ನಲ್ಲಿ ಕಾನೂನಿತ್ತು. ಹತ್ತನೇ ವಯಸ್ಸಿನಲ್ಲಿ ಆದದ್ದನ್ನು ಮೂವತ್ತಕ್ಕೆ ಬಾಯಿಬಿಟ್ಟು ಹೇಳಿದರೆ ಕೋರ್ಟಿನ ಬಾಗಿಲು ಮುಚ್ಚಿರುತ್ತಿತ್ತು. ಆ ಗಡುವನ್ನು ಏರಿಸುವ ಮಸೂದೆಗಾಗಿ ಜನ ಹತ್ತು ವರ್ಷಕ್ಕೂ ಜಾಸ್ತಿ ಹೋರಾಡಿದರು. ಅಸೆಂಬ್ಲಿ ಇಂಥ ಮಸೂದೆಯನ್ನು ಮತ್ತೆ ಮತ್ತೆ ಪಾಸು ಮಾಡಿತು. ಸೆನೆಟ್‌ನಲ್ಲಿ ಮಾತ್ರ ಮತಕ್ಕೇ ಬರಲಿಲ್ಲ. ಕ್ಯಾಥೊಲಿಕ್ ಚರ್ಚು ಮತ್ತು ವಿಮಾ ಕಂಪನಿಗಳ ವಿರೋಧ ಜೋರಾಗಿತ್ತು.

2019ರ ಜನವರಿಯಲ್ಲಿ ಆಂಡ್ರಿಯಾ ಸ್ಟೀವರ್ಟ್-ಕಸಿನ್ಸ್ ಆ ಸೆನೆಟ್‌ನ ಬಹುಮತದ ನಾಯಕಿಯಾದ ಮೊದಲ ಮಹಿಳೆಯಾದರು. ಅದೇ ತಿಂಗಳ 28ಕ್ಕೆ, ಗಡುವನ್ನು 55ನೇ ವಯಸ್ಸಿಗೆ ಏರಿಸುವ ಮಸೂದೆ ಮತಕ್ಕೆ ಬಂತು. ಪರವಾಗಿ 63, ವಿರುದ್ಧ ಸೊನ್ನೆ. ಇರುವುದೇ 63 ಜನ! ಕೆಲಸದ ಮಧ್ಯೆ ಫೋನಿನಲ್ಲಿ ಆ ಸಂಖ್ಯೆ ನೋಡಿ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಅವರಲ್ಲಿ ಎಷ್ಟೋ ಜನ ಹಿಂದಿನ ವರ್ಷವೂ ಅದೇ ಕುರ್ಚಿಗಳಲ್ಲಿ ಕೂತಿದ್ದವರೇ ಅಲ್ವಾ? ಮತಕ್ಕೆ ಹಾಕಿದರೆ ಬೇಡ ಅಂದವರ ಹೆಸರು ದಾಖಲಾಗುತ್ತದೆ, ಹಾಕದೇ ಇದ್ದರೆ ಯಾರ ಹೆಸರೂ ಕೆಡುವುದಿಲ್ಲ, ಮಸೂದೆ ಸುಮ್ನೆ ಸಾಯುತ್ತದೆ. ಆಮೇಲೆ ಹಳೆಯ ಪ್ರಕರಣಗಳಿಗೂ ಎರಡು ವರ್ಷ ಅವಕಾಶ ಕೊಟ್ಟಾಗ ಹತ್ತು ಸಾವಿರಕ್ಕೂ ಜಾಸ್ತಿ ಕೇಸುಗಳು ಬಿದ್ದವು.

ಸ್ಟೀವರ್ಟ್-ಕಸಿನ್ಸ್ ಅವರ ಮೇಲೆ ನನಗೆ ಗೌರವವಿದೆ. ಆದರೆ ತಡೆಯುವ ಅಧಿಕಾರ ಇವತ್ತಿಗೂ ಆ ಹುದ್ದೆಯಲ್ಲಿ ಹಾಗೇ ಇದೆ, ನಾಳೆ ಯಾರು ಬರುತ್ತಾರೋ. ಇಲ್ಲಿ ಮತ ಹಾಕುವ ಕನ್ನಡಿಗರು ಅನೇಕರು ನಿಮ್ಮ ಪತ್ರಿಕೆ ಓದುತ್ತಾರೆ. ಮಸೂದೆ ಪಾಸಾದ ಸುದ್ದಿ ಹೇಗೂ ಹಾಕುತ್ತೀರಿ, ನಿಂತುಹೋದಾಗ ಅದು ಯಾರ ಮೇಜಿನ ಮೇಲೆ ನಿಂತಿದೆ ಅಂತಲೂ ಹೆಸರು ಹಿಡಿದು ಬರೆಯಿರಿ.

– ಒಬ್ಬ ಓದುಗ, ಕ್ವೀನ್ಸ್, ನ್ಯೂಯಾರ್ಕ್